ಇಷ್ಟೊಂದು ಉಪಗ್ರಹಗಳಿದ್ದರೂ ನಮ್ಮ ಹೊಲದ ಇವತ್ತಿನ ಚಿತ್ರ ಏಕಿಲ್ಲ?

"ಸರ್, ಇಷ್ಟೊಂದು ಉಪಗ್ರಹ ಬಿಟ್ಟಾರ, ಆದ್ರೂ ನಮ್ಮ ಹೊಲದ ಇವತ್ತಿನ ಫೋಟೋ ಯಾಕ ಸಿಗಂಗಿಲ್ಲ?"

ಅಣ್ಣಿಗೇರಿ ಕಡೆಯ ಓದುಗರೊಬ್ಬರು ಕೇಳಿದ ಪ್ರಶ್ನೆ ಇದು. ಧಾರವಾಡದ ತರಗತಿಯಲ್ಲಿಯೂ ಗದಗಿನ ಬಸ್ಸಿನಲ್ಲಿಯೂ ಇದಕ್ಕೆ ಎಷ್ಟು ಸಲ ಉತ್ತರಿಸಿದ್ದೇನೆಂಬ ಲೆಕ್ಕ ಇಡುವುದನ್ನು ಬಿಟ್ಟು ವರ್ಷಗಳಾದವು. ಅವರು ಕಳಿಸಿದ ಮೊಬೈಲ್ ನಕ್ಷೆಯ ಚಿತ್ರದಲ್ಲಿ, ಎರಡು ವರ್ಷದ ಹಿಂದೆ ತೋಡಿಸಿದ ಕೃಷಿ ಹೊಂಡವೇ ಇಲ್ಲ. ಆ ಮೂಲೆಯಲ್ಲಿ ಇನ್ನೂ ಜಾಲಿಕಂಟಿ ನಿಂತಿದೆ. ನಕ್ಷೆಯ ಚಿತ್ರವೆಂದರೆ ಬೇರೆ ಬೇರೆ ದಿನಾಂಕದ ತುಣುಕುಗಳನ್ನು ಕೂಡಿಸಿ ಹೊಲಿದ ಕೌದಿ. ಆ ತುಣುಕನ್ನು ಬದಲಿಸುವವರೆಗೆ ಜಾಲಿ ಅಲ್ಲಿಯೇ ಇರುತ್ತದೆ. ಉತ್ತರ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯುವುದಿಲ್ಲ, ಏಕೆಂದರೆ ಪ್ರಶ್ನೆಯ ಬೆನ್ನಿಗೇ ಒಂದು ನಂಬಿಕೆ ಬರುತ್ತದೆ: ಉಪಗ್ರಹ ನೆತ್ತಿಯ ಮೇಲೆ ನಿಂತು ಹಗಲಿರುಳು ನೋಡುತ್ತಲೇ ಇದೆ, ಚಿತ್ರವನ್ನು ಯಾರೋ ಬಚ್ಚಿಟ್ಟಿದ್ದಾರೆ.

ಈ ನಂಬಿಕೆ ಹುಟ್ಟಿದ್ದು ಮಾಳಿಗೆಯ ಮೇಲಿನ ಟಿ.ವಿ. ಡಿಶ್‌ನಿಂದ ಎಂದು ನನ್ನ ಗುಮಾನಿ. ಒಮ್ಮೆ ತಿರುಗಿಸಿ ಬಿಗಿದರೆ ಅದು ವರ್ಷಗಟ್ಟಲೆ ಒಂದೇ ದಿಕ್ಕಿಗೆ ನೋಡುತ್ತದೆ. ಹಾಗಾದರೆ ಉಪಗ್ರಹವೂ ಒಂದೇ ಕಡೆ ನಿಂತಿರಬೇಕಲ್ಲವೇ? ಆ ಉಪಗ್ರಹ ನಿಂತಂತೆ ಕಾಣುವುದು ನಿಜ. ಆದರೆ ಹಾಗೆ ಕಾಣಲು ಅದು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿ.ಮೀ. ಎತ್ತರದಲ್ಲಿಯೇ ಇರಬೇಕು. ನಾವಿರುವುದು ಆ ರೇಖೆಯಿಂದ 15 ಡಿಗ್ರಿಗೂ ಹೆಚ್ಚು ಉತ್ತರಕ್ಕೆ. ಗದಗಿನ ನೆತ್ತಿಯ ಮೇಲೆ ಯಾವ ಉಪಗ್ರಹವನ್ನೂ ಯಾರೂ ನಿಲ್ಲಿಸಲಾರರು. ಅಷ್ಟು ದೂರದಿಂದ ನೋಡುವ ಕಣ್ಣು ನಮಗಿಲ್ಲವೆಂದಲ್ಲ: ನಮ್ಮ ಹವಾಮಾನ ಉಪಗ್ರಹ ಇನ್ಸಾಟ್-3ಡಿಆರ್ ಅರ್ಧ ಗಂಟೆಗೊಮ್ಮೆ ಚಿತ್ರ ಕೊಡುತ್ತದೆ. ಅದರ ಅತ್ಯಂತ ಸೂಕ್ಷ್ಮ ಚಿತ್ರದಲ್ಲಿಯೂ ಒಂದು ಚುಕ್ಕೆ 1 ಚದರ ಕಿ.ಮೀ., ಅಂದರೆ 247 ಎಕರೆ. ಮೋಡ ನೋಡಲು ಅದು ಸಾಕು, ಕೃಷಿ ಹೊಂಡ ನೋಡಲಲ್ಲ. ಅದೇ ಎತ್ತರದಿಂದ ಒಂದು ಮೀಟರಿನ ವಸ್ತುವನ್ನು ಗುರುತಿಸಬೇಕೆಂದರೆ, ಬೆಳಕಿನ ಸ್ವಭಾವದಿಂದಾಗಿಯೇ, 20 ಮೀಟರಿಗೂ ಹೆಚ್ಚು ವ್ಯಾಸದ ಕನ್ನಡಿ ಬೇಕು. ಪ್ರಸಿದ್ಧ ಜೇಮ್ಸ್ ವೆಬ್ ದೂರದರ್ಶಕದ ಕನ್ನಡಿಯೇ 6.5 ಮೀಟರ್.

ಆದ್ದರಿಂದ ಹೊಲ ನೋಡುವ ಉಪಗ್ರಹಗಳು 500ರಿಂದ 800 ಕಿ.ಮೀ. ಎತ್ತರಕ್ಕೆ ಇಳಿದು ಬರುತ್ತವೆ. ಇಳಿದವು ನಿಲ್ಲುವಂತಿಲ್ಲ; ಸೆಕೆಂಡಿಗೆ ಸುಮಾರು ಏಳೂವರೆ ಕಿ.ಮೀ. ವೇಗದಲ್ಲಿ ಓಡದಿದ್ದರೆ ಕೆಳಗೆ ಬೀಳುತ್ತವೆ. ಹುಬ್ಬಳ್ಳಿಯಿಂದ ಧಾರವಾಡದಷ್ಟು ದೂರ ಅವುಗಳಿಗೆ ಮೂರು ಸೆಕೆಂಡಿನ ದಾರಿ. ದಯವಿಟ್ಟು ಇದೊಂದನ್ನು ನೆನಪಿಡಿ: ಅವು ನೋಡುತ್ತ ನಿಲ್ಲುವುದಿಲ್ಲ, ಹಾದುಹೋಗುತ್ತವೆ.

ಹಾದುಹೋದದ್ದು ಮತ್ತೆ ಯಾವಾಗ ಬರುತ್ತದೆ ಎಂಬುದು ಭಾಗಾಕಾರದ ಲೆಕ್ಕ. ಯುರೋಪಿನ ಸೆಂಟಿನೆಲ್-2 ಹತ್ತು ದಿನಗಳಲ್ಲಿ ಭೂಮಿಯನ್ನು 143 ಸಲ ಸುತ್ತುತ್ತದೆ. ಭೂಮಧ್ಯರೇಖೆಯ 40,075 ಕಿ.ಮೀ. ಸುತ್ತಳತೆಯನ್ನು 143ರಿಂದ ಭಾಗಿಸಿದರೆ ಸುಮಾರು 280 ಕಿ.ಮೀ. ಬರುತ್ತದೆ, ಅದರ ಕ್ಯಾಮರಾ ಒಮ್ಮೆಗೆ ನೋಡುವ ಪಟ್ಟಿಯ ಅಗಲ 290 ಕಿ.ಮೀ. ನಡುವೆ ಬಿರುಕು ಉಳಿಯದಂತೆ ಯಾರೋ ಮೊದಲೇ ಕೂತು ಗುಣಿಸಿದ್ದಾರೆ, ಈ ಲೆಕ್ಕವನ್ನು ಹಲಗೆಯ ಮೇಲೆ ಬರೆಯುವಾಗ ನನಗೆ ಇಂದಿಗೂ ಖುಷಿಯಾಗುತ್ತದೆ. ಅದರ ಒಂದು ಚುಕ್ಕೆ 10 ಮೀಟರ್ ಚೌಕ, ಅಂದರೆ ಹೆಚ್ಚುಕಡಿಮೆ ಸರಿಯಾಗಿ ಒಂದು ಗುಂಟೆ. ಇನ್ನೂ ಸೂಕ್ಷ್ಮವಾಗಿ ಬೇಕೆಂದರೆ ಪಟ್ಟಿ ಕಿರಿದಾಗುತ್ತದೆ: ಕಾಲು ಮೀಟರಿನಷ್ಟು ಸೂಕ್ಷ್ಮವಾಗಿ ನೋಡುವ ನಮ್ಮ ಕಾರ್ಟೊಸ್ಯಾಟ್-3ರ ಪಟ್ಟಿ 16 ಕಿ.ಮೀ. ಮಾತ್ರ, ಹುಬ್ಬಳ್ಳಿ ಧಾರವಾಡ ಎರಡೂ ಊರು ಅದರ ಒಂದೇ ಪಟ್ಟಿಯೊಳಗೆ ಅಕ್ಕಪಕ್ಕ ಹಿಡಿಸುವುದಿಲ್ಲ.

ಒಂದೇ ಉಪಗ್ರಹ ಸಾಲದೆಂದು ಹಲವನ್ನು ಹಂಚಿ ಓಡಿಸುವ ಉಪಗ್ರಹ ಸಮೂಹದ ವಿನ್ಯಾಸ ಆರಂಭವಾಗುವುದು ಇಲ್ಲಿಂದ, ಮತ್ತು ಅದನ್ನು ಕೂರಿಗೆ ಹಿಡಿದವರಿಗೆ ವಿವರಿಸುವುದು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ವಿವರಿಸುವುದಕ್ಕಿಂತ ಸುಲಭ. ಕೂರಿಗೆಗೆ ತಾಳು ಹೆಚ್ಚಿಸಿದರೆ ಸಾಲದು. ನಾಲ್ಕೂ ತಾಳನ್ನು ಒತ್ತೊತ್ತಾಗಿ ಜೋಡಿಸಿದರೆ ಒಂದೇ ಕಡೆ ಬೀಜ ಬಿದ್ದು ಉಳಿದ ನೆಲ ಬರಿದಾಗುತ್ತದೆ. 2015 ಮತ್ತು 2017ರಲ್ಲಿ ಹಾರಿದ ಸೆಂಟಿನೆಲ್-2ರ ಮೊದಲ ಜೋಡಿಯನ್ನು ಒಂದೇ ಕಕ್ಷೆಯ ಎದುರುಬದುರು ತುದಿಗಳಲ್ಲಿ ಇರಿಸಿದ್ದರಿಂದಲೇ ಹತ್ತು ದಿನದ ಸರದಿ ಐದು ದಿನಕ್ಕೆ ಇಳಿಯಿತು. ಒಂದರ ಬೆನ್ನಿಗೆ ಇನ್ನೊಂದನ್ನು ಅದೇ ಜಾಡಿನಲ್ಲಿ ಓಡಿಸಿದ್ದರೆ ಎರಡೂ ಒಂದೇ ದಿನ ಬಂದು ಹೋಗುತ್ತಿದ್ದವು. 2017ರ ಫೆಬ್ರುವರಿ 15ರಂದು ನಮ್ಮ ಪಿಎಸ್‌ಎಲ್‌ವಿ ಒಯ್ದ 104 ಉಪಗ್ರಹಗಳಲ್ಲಿ 88 ಪ್ಲಾನೆಟ್ ಎಂಬ ಅಮೆರಿಕದ ಕಂಪನಿಯ ಪುಟ್ಟ 'ಡವ್'ಗಳು. ಒಂದೊಂದರ ಪಟ್ಟಿ ಸುಮಾರು 25 ಕಿ.ಮೀ. ಮಾತ್ರವಾದ್ದರಿಂದ, ದಿನಕ್ಕೊಮ್ಮೆ ಇಡೀ ಭೂಮಿಯನ್ನು ನೋಡಲು ಅಂಥವು ನೂರಕ್ಕೂ ಹೆಚ್ಚು ಬೇಕು. ರಾಕೆಟ್ ಅವನ್ನು ಗುಂಪಾಗಿ ಬಿಟ್ಟುಹೋಯಿತು. ಕೆಲವನ್ನು ಅಡ್ಡ ತಿರುಗಿಸಿ, ಅಲ್ಲಿರುವ ತೆಳು ಗಾಳಿಗೆ ಹೆಚ್ಚು ಒಡ್ಡಿ, ಇಂಧನ ಸುಡದೆಯೇ ಅವುಗಳ ನಡುವಿನ ಅಂತರವನ್ನು ಹೊಂದಿಸಿದರು.

ಯಾರೂ ಕೇಳದ ಇನ್ನೊಂದು ಪ್ರಶ್ನೆ ನನ್ನ ಮಟ್ಟಿಗೆ ಇದಕ್ಕಿಂತ ಸ್ವಾರಸ್ಯದ್ದು. ನಮ್ಮ ಭಾಗದ ಸೆಂಟಿನೆಲ್ ಚಿತ್ರಗಳೆಲ್ಲ ಬೆಳಿಗ್ಗೆ ಹನ್ನೊಂದರ ಆಸುಪಾಸಿನವೇ ಏಕೆ? ಭೂಮಿ ನಡುವಿನಲ್ಲಿ ಸ್ವಲ್ಪ ಉಬ್ಬಿದೆ. ಆ ಉಬ್ಬಿನ ಸೆಳೆತ ಕಕ್ಷೆಯನ್ನು ದಿನಕ್ಕೆ ಸುಮಾರು ಒಂದು ಡಿಗ್ರಿ ತಿರುಗಿಸುವಂತೆ ಅದರ ಓರೆಯನ್ನು ಆರಿಸಿದರೆ, ಉಪಗ್ರಹ ವರ್ಷವಿಡೀ ಒಂದೇ ಸೂರ್ಯಮಾನದ ಹೊತ್ತಿಗೆ ಬರುತ್ತದೆ. ಇಂದಿನ ಚಿತ್ರವನ್ನು ಹಿಂದಿನ ವರ್ಷದ ಇದೇ ವಾರದ ಚಿತ್ರಕ್ಕೆ ಹೋಲಿಸಿದಾಗ ಕಾಣುವ ವ್ಯತ್ಯಾಸ ಆಗ ಬೆಳೆಯದ್ದಾಗಿರುತ್ತದೆ, ನೆರಳಿನದ್ದಲ್ಲ. ಇದರಿಂದ ತೊಂದರೆಯೂ ಇದೆ: ಅದೇ ಹೊತ್ತಿಗೆ ಬರುವ ಉಪಗ್ರಹಗಳನ್ನು ಎಷ್ಟು ಸೇರಿಸಿದರೂ ಆ ಹೊತ್ತಿನ ಮೋಡ ಎಲ್ಲಕ್ಕೂ ಅಡ್ಡ ಬರುತ್ತದೆ.

ಜೂನ್‌ನಿಂದ ಆಗಸ್ಟ್ ಮುಗಿಯುವವರೆಗಿನ 92 ದಿನಗಳಲ್ಲಿ ಐದು ದಿನಕ್ಕೊಮ್ಮೆ ಎಂದರೆ ಹದಿನೆಂಟು ಭೇಟಿ. ಅದರಲ್ಲಿ ಮುಗಿಲು ಎಷ್ಟು ಸಲ ಬಿಟ್ಟೀತು ಎಂಬುದನ್ನು ಎರಿಹೊಲದಲ್ಲಿ ಹೆಸರು ಬಿತ್ತುವವರಿಗೆ ನಾನು ಹೇಳಬೇಕಾಗಿಲ್ಲ. ಆ ದಿನಗಳಿಗೆ ರಾಡಾರ್ ಉಪಗ್ರಹ ಬೇಕು. 2022ರ ಇಒಎಸ್-04, 2025ರ ಜುಲೈನಲ್ಲಿ ಹಾರಿದ ನಿಸಾರ್ ಅಂಥವು. ತಮ್ಮದೇ ಅಲೆಗಳನ್ನು ಕಳಿಸಿ, ಮರಳಿ ಬಂದದ್ದನ್ನು ಓದುವುದರಿಂದ ಅವುಗಳಿಗೆ ಮೋಡವೂ ಕತ್ತಲೂ ಅಡ್ಡಿಯಲ್ಲ. ಬೆಣ್ಣಿಹಳ್ಳ ಉಕ್ಕಿ ಹೊಲದಲ್ಲಿ ನೀರು ನಿಂತಾಗ, ಸಪಾಟಾದ ನೀರು ಆ ಅಲೆಗಳನ್ನು ಆಚೆಗೆ ಚಿಮ್ಮಿಸಿಬಿಡುತ್ತದೆ. ರಾಡಾರ್ ಚಿತ್ರದಲ್ಲಿ ಅಷ್ಟು ಜಾಗ ಕಪ್ಪಾಗಿ ಕಾಣುತ್ತದೆ. ಅಣ್ಣಿಗೇರಿಯವರ ಹೊಂಡವೂ, ತುಂಬಿದ್ದರೆ ಮತ್ತು ನಾಲ್ಕಾರು ಗುಂಟೆಯಷ್ಟಿದ್ದರೆ, ಒಂದು ಸಣ್ಣ ಕಪ್ಪು ಚುಕ್ಕೆಯಾಗಿ ಅಲ್ಲಿ ಕಂಡೀತು.