ಮೊಮ್ಮಗ ಫೋನಿನಲ್ಲಿ ಮಾತಾಡುವುದಿಲ್ಲ, ನಮ್ಮನ್ನು ಮರೆತನೇ?

ಪ್ರಶ್ನೆ: ಮಗ, ಸೊಸೆ ಬೆಂಗಳೂರಿಗೆ ಹೋದ ಮೇಲೆ ಮೂರು ವರ್ಷದ ಮೊಮ್ಮಗ ವಿಡಿಯೊ ಕರೆಯಲ್ಲಿ ಎರಡು ನಿಮಿಷವೂ ನಿಲ್ಲುವುದಿಲ್ಲ. ನಮ್ಮನ್ನು ಮರೆಯುತ್ತಿದ್ದಾನೆಯೇ?
– ಸೋಮವಾರಪೇಟೆಯ ಓದುಗರು

ಉತ್ತರ: ಜೂನ್‌ನಲ್ಲಿ ಶಾಲೆ ತೆರೆದು, ಮಕ್ಕಳಿರುವ ಮನೆಗಳು ಖಾಲಿಯಾದೊಡನೆ ಕೊಡಗಿನ ಯಾವುದಾದರೊಂದು ಮೂಲೆಯಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಉತ್ತರವೂ ಪ್ರತಿ ಸಲ ಒಂದೇ: ಮರೆತಿಲ್ಲ.

ಮಾತಾಡದ ಮಗು ಮರೆತಿದೆ ಎಂಬ ನಂಬಿಕೆಯನ್ನು ಎಷ್ಟು ಕಿತ್ತರೂ ಅದು ಮತ್ತೆ ಚಿಗುರುತ್ತದೆ. ಮೂರು ವರ್ಷಕ್ಕಿಂತ ಮುಂಚಿನ ಸಂಗತಿಗಳು ದೊಡ್ಡವರಾದ ಮೇಲೆ ಸಾಮಾನ್ಯವಾಗಿ ನೆನಪಿಗೆ ಬರುವುದಿಲ್ಲವೆಂಬುದು ನಿಜ. ಆದರೆ ಅದನ್ನೇ ಹಿಡಿದುಕೊಂಡು, ತಿಂಗಳ ಹಿಂದೆ ಮಡಿಲಲ್ಲಿದ್ದ ಮಗು ಈಗಲೇ ಅಜ್ಜಿಯ ಮುಖ ಮರೆತಿದೆಯೆನ್ನುವುದಕ್ಕೆ ಆಧಾರವಿಲ್ಲ. ಈ ವಯಸ್ಸಿನವರ ಮಾತು ಕಣ್ಣೆದುರಿನ ವಸ್ತುವಿಗೆ ಅಂಟಿಕೊಂಡಿರುತ್ತದೆ. ಬರೀ ಧ್ವನಿಯ ಕರೆಯಲ್ಲಿ ಪ್ರಶ್ನೆ ಕೇಳಿದರೆ ಮಗು ತಲೆಯಾಡಿಸಿ ಸುಮ್ಮನಾಗುತ್ತದೆ, ಅದು ನಿಮಗೆ ಕಾಣಿಸದೆಂದು ಅದಕ್ಕೆ ತಿಳಿಯದು. ವಿಡಿಯೊದಲ್ಲಾದರೋ ನಿಮ್ಮ ಅರ್ಧ ಹಣೆಯಷ್ಟೇ ಕಾಣುತ್ತಿರುವಾಗ, "ಊಟ ಆಯ್ತಾ, ಏನು ತಿಂದೆ, ನಾನು ಯಾರು ಹೇಳು" ಎಂದು ಪರೀಕ್ಷೆ ಶುರುವಾದರೆ ಯಾವ ಮಗು ಕೂರುತ್ತದೆ? ನಿಮ್ಮ ಮನೆಯಲ್ಲಿದ್ದಾಗಲಾದರೂ ಅವನು ಎದುರು ಕುಳಿತು ಉತ್ತರ ಒಪ್ಪಿಸುತ್ತಿದ್ದನೇ? ನೀವು ಹಲಸಿನ ತೊಳೆ ಬಿಡಿಸುತ್ತಿದ್ದಿರಿ, ಅವನು ಪಕ್ಕದಲ್ಲಿ ಬೀಜ ಉರುಳಿಸುತ್ತಿದ್ದ. ನಿಮ್ಮಿಬ್ಬರ ಒಡನಾಟವೆಂದರೆ ಅದೇ ಆಗಿತ್ತು.

ಆದ್ದರಿಂದ ಫೋನನ್ನು ಗೋಡೆಗೆ ಒರಗಿಸಿ, ಕೋಳಿಗೆ ಕಾಳು ಹಾಕಿ, ನಾಯಿಯನ್ನು ಹೆಸರು ಹಿಡಿದು ಕರೆದು ತೋರಿಸಿ. ಅವನು ಎದ್ದು ಹೋದರೆ ಹೋಗಲಿ, ಕರೆ ಕಡಿಯಬೇಡಿ. ಆಟದ ನಡುವೆ ಮರಳಿ ಇಣುಕುತ್ತಾನೆ. ದಿನಕ್ಕೆ ಒಂದೇ ಹೊತ್ತು ಗೊತ್ತುಮಾಡಿಕೊಂಡರೆ ಮಗು ತಾನೇ ಕಾಯುತ್ತದೆ. ಆಷಾಢದ ಮಳೆಗೆ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಕೈಕೊಡುವ ದಿನಗಳಿಗಾಗಿ, ನಿಮ್ಮ ದನಿಯಲ್ಲಿ ಒಂದೆರಡು ಕತೆಗಳನ್ನು ವಾಟ್ಸಾಪ್‌ನಲ್ಲಿ ಮೊದಲೇ ಕಳುಹಿಸಿಡಿ. ಒಂದೇ ಕತೆಯನ್ನು ಹತ್ತು ಸಲ ಕೇಳಲು ಮಕ್ಕಳಿಗೆ ಬೇಸರವಿಲ್ಲ. ಮೊಬೈಲ್ ತೋರಿಸಬಾರದೆಂದು ಸೊಸೆ ಹಿಂಜರಿದರೆ ಅವಳ ಎಚ್ಚರ ಸರಿಯಾದದ್ದೇ. ಆದರೆ ಭಾರತೀಯ ಮಕ್ಕಳ ವೈದ್ಯರ ಸಂಘ 2021ರಲ್ಲಿ ಹೊರಡಿಸಿದ ಮಾರ್ಗಸೂಚಿ, ಎರಡು ವರ್ಷದೊಳಗಿನವರಿಗೆ ಪರದೆಯೇ ಬೇಡವೆಂದರೂ, ಬಂಧುಗಳೊಡನೆ ಆಗೊಮ್ಮೆ ಈಗೊಮ್ಮೆ ಮಾಡುವ ವಿಡಿಯೊ ಕರೆಗೆ ವಿನಾಯಿತಿ ನೀಡಿದೆ.

ನೀವು ಕೇಳದ ಇನ್ನೊಂದು ವಿಷಯವಿದೆ. ಮೊಮ್ಮಗ ನರ್ಸರಿಯ ಇಂಗ್ಲಿಷಿನಲ್ಲಿ ಉತ್ತರಿಸತೊಡಗಿದೊಡನೆ ಅಜ್ಜ ಅಜ್ಜಿಯರೂ ಬಾರದ ಇಂಗ್ಲಿಷಿಗೆ ಇಳಿಯುವುದನ್ನು ಕಾಣುತ್ತಿದ್ದೇನೆ. ದಯವಿಟ್ಟು ಬೇಡ. ಕೊಡವ ಭಾಷೆಯಿರಲಿ, ಅರೆಭಾಷೆಯಿರಲಿ, ಕನ್ನಡವಿರಲಿ, ಮನೆಯಲ್ಲಿ ಯಾವುದನ್ನು ಆಡುತ್ತಿದ್ದಿರೋ ಅದನ್ನೇ ಆಡಿ. ಅವನು ಇಂಗ್ಲಿಷಿನಲ್ಲಿ ಉತ್ತರಿಸಿದರೂ ನಿಮ್ಮ ಮಾತು ಅರ್ಥವಾಗಿಯೇ ಉತ್ತರಿಸುತ್ತಿದ್ದಾನೆ. ಇಂಗ್ಲಿಷ್ ಕಲಿಸಲು ಅಲ್ಲಿ ಶಾಲೆಯಿದೆ. ನಿಮ್ಮ ಮಾತನ್ನು ಆ ಬಡಾವಣೆಯಲ್ಲಿ ಅವನ ಕಿವಿಗೆ ಹಾಕುವವರು ಅಪ್ಪ ಅಮ್ಮನನ್ನು ಬಿಟ್ಟರೆ ಬೇರೆ ಯಾರೂ ಇರಲಿಕ್ಕಿಲ್ಲ.