ಮಹಾರಾಜರ ಊರಿಗೆ ಸ್ವಾತಂತ್ರ್ಯ ಬಂದಿದ್ದು ಯಾವತ್ತು?

ಪ್ರಶ್ನೆ: ಮೇಷ್ಟ್ರೇ, ನಮ್ಮದು ಮೈಸೂರು ಮಹಾರಾಜರ ರಾಜ್ಯ. ಬ್ರಿಟಿಷರು ನಮ್ಮನ್ನು ಆಳಲೇ ಇಲ್ಲ ಅಂತಾರೆ. ಹಾಗಾದ್ರೆ ಬೆಂಗಳೂರಿನವರಿಗೆ ಆಗಸ್ಟ್ 15 ಯಾಕೆ?

ಉತ್ತರ: ಬಂತಪ್ಪ ಮತ್ತೆ. ಆಗಸ್ಟ್ ಹತ್ತಿರ ಬಂತು ಅಂತ ನನಗೆ ಈ ಪ್ರಶ್ನೆಯಿಂದಲೇ ಗೊತ್ತಾಗುತ್ತದೆ, ಕ್ಯಾಲೆಂಡರ್ ಬೇಕಿಲ್ಲ. ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವಾಗ ಹಿಂದಿನ ಬೆಂಚಿನಿಂದ ಬರುತ್ತಿತ್ತು. ಈಗ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಾವುಟ ಹಾರಿಸಿ, ಕೇಸರಿಬಾತ್ ತಟ್ಟೆ ಕೈಗೆ ಸಿಗುವಷ್ಟರಲ್ಲಿ ಯಾರೋ ಒಬ್ಬರು ಕೇಳಿರುತ್ತಾರೆ.

ಮೊದಲು ಚಿಕ್ಕ ಉತ್ತರ. ಬೆಂಗಳೂರಿನ ಒಂದು ಭಾಗವನ್ನು ಬ್ರಿಟಿಷರು ನೇರವಾಗಿ ಆಳಿದರು. ಇನ್ನೊಂದು ಭಾಗವನ್ನು ಮಹಾರಾಜರ ಹೆಗಲ ಮೇಲೆ ಕೈಯಿಟ್ಟು ಆಳಿದರು. ಆಗಸ್ಟ್ 15ಕ್ಕೆ ಆ ಕೈ ಹೋಯಿತು. ಜನರ ಸರ್ಕಾರ ಬರಲು ಇನ್ನೂ ಎರಡು ತಿಂಗಳಿಗಿಂತ ಜಾಸ್ತಿ ಬೇಕಾಯಿತು.

ಇಷ್ಟು ಹೇಳಿದರೆ ಯಾರೂ ಒಪ್ಪುವುದಿಲ್ಲ ಅಂತ ಗೊತ್ತು. ‘ಬ್ರಿಟಿಷರು ಆಳಲೇ ಇಲ್ಲ’ ಅನ್ನುವ ಮಾತು ಮೈಸೂರು ಸೀಮೆಯ ನಮ್ಮ ತಲೆಯಲ್ಲಿ ಅಷ್ಟು ಗಟ್ಟಿಯಾಗಿ ಕೂತಿದೆ. ಅದನ್ನು ಸ್ವಲ್ಪ ಬಿಡಿಸಿ ನೋಡೋಣ.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಈಸ್ಟ್ ಇಂಡಿಯಾ ಕಂಪನಿಯವರು ಐದು ವರ್ಷದ ಹುಡುಗನನ್ನು ಗದ್ದುಗೆಯ ಮೇಲೆ ಕೂರಿಸಿದರು. ಅವರೇ ಮುಮ್ಮಡಿ ಕೃಷ್ಣರಾಜ ಒಡೆಯರು. ಕೂರಿಸಿದ್ದಕ್ಕೆ ಬಿಲ್ಲೂ ಬಂತು: ವರ್ಷಕ್ಕೆ ಏಳು ಲಕ್ಷ ವರಹ, ರೂಪಾಯಿ ಲೆಕ್ಕದಲ್ಲಿ ಇಪ್ಪತ್ನಾಲ್ಕೂವರೆ ಲಕ್ಷ. ಇದಕ್ಕೆ ಪೊಗದಿ ಅಂತ ಹೆಸರು. ಆಮೇಲೆ ಶಿವಮೊಗ್ಗ ಸೀಮೆಯ ‘ನಗರ’ ಅನ್ನುವ ಊರಿನ ಕಡೆ ರೈತರು ದಂಗೆ ಎದ್ದರು. ಅದೇ ನೆಪ ಸಾಕಾಯಿತು. 1831ರಲ್ಲಿ ಬ್ರಿಟಿಷರು ಇಡೀ ರಾಜ್ಯದ ಆಡಳಿತವನ್ನು ತಾವೇ ತೆಗೆದುಕೊಂಡರು.

ಎಷ್ಟು ದಿನ? ಐವತ್ತು ವರ್ಷ. 1881ರವರೆಗೆ. ಮಹಾರಾಜರು ಮೈಸೂರಿನ ಅರಮನೆಯಲ್ಲಿ, ಕಮಿಷನರ್ ಬೆಂಗಳೂರಿನಲ್ಲಿ. ಕಬ್ಬನ್ ಯಾರು, ಬೌರಿಂಗ್ ಯಾರು ಅಂದುಕೊಂಡಿರಿ? ಪಾರ್ಕಿಗೂ ಆಸ್ಪತ್ರೆಗೂ ಹೆಸರಿಡಲು ಬಂದವರಲ್ಲ ಅವರು, ಈ ರಾಜ್ಯದ ಕಮಿಷನರುಗಳು. ಹೈಕೋರ್ಟಿನ ಆ ಕೆಂಪು ಕಟ್ಟಡ, ಅಠಾರ ಕಚೇರಿ, ಬೌರಿಂಗ್ ಕಾಲದ್ದು. ಹದಿನೆಂಟು ಇಲಾಖೆ ಕೂರಿಸಲು ಕಟ್ಟಿದ್ದು. ‘ಆಳಲೇ ಇಲ್ಲದವರು’ ಹದಿನೆಂಟು ಇಲಾಖೆ ಇಟ್ಟುಕೊಂಡು ಏನು ಮಾಡುತ್ತಿದ್ದರು, ಪಗಡೆ ಆಡುತ್ತಿದ್ದರಾ?

‘ಸರಿ ಮೇಷ್ಟ್ರೇ, 1881ರಲ್ಲಿ ವಾಪಸ್ ಕೊಟ್ಟರಲ್ಲ’ ಅಂತೀರಿ. ಕೊಟ್ಟರು. ಚಾಮರಾಜೇಂದ್ರ ಒಡೆಯರಿಗೆ ಪಟ್ಟವಾಯಿತು. ಆದರೆ ಜೊತೆಗೆ ಕೊಟ್ಟ ಷರತ್ತಿನ ಪತ್ರ ಯಾರೂ ಓದುವುದಿಲ್ಲ. ಹೊಸ ಕೋಟೆ ಕಟ್ಟುವಂತಿಲ್ಲ. ಸ್ವಂತ ನಾಣ್ಯ ಹೊಡೆಸುವಂತಿಲ್ಲ. ರೈಲು, ಟೆಲಿಗ್ರಾಫಿಗೆ ಬೇಕಾದ ಜಾಗ ಪುಕ್ಕಟೆ ಕೊಡಬೇಕು. ಜಾರಿಯಲ್ಲಿದ್ದ ಕಾನೂನು ಬದಲಿಸಲು ಗವರ್ನರ್ ಜನರಲ್ ಒಪ್ಪಿಗೆ ಬೇಕು. ಪೊಗದಿ ಇಪ್ಪತ್ನಾಲ್ಕೂವರೆಯಿಂದ 35 ಲಕ್ಷಕ್ಕೆ ಏರಿತು. ಆಗ ರಾಜ್ಯದ ವರ್ಷದ ಆದಾಯವೇ ಒಂದು ಕೋಟಿಯ ಆಸುಪಾಸು! ಅದೂ 1876ರಿಂದ 78ರ ಬರದಲ್ಲಿ ಸುಮಾರು ಐದರಲ್ಲೊಂದು ಪಾಲು ಜನ ಸತ್ತ ಬೆನ್ನಿಗೆ. ಹೊಟ್ಟೆಗಿಲ್ಲದ ಮನೆಗೆ ಬಾಡಿಗೆ ಏರಿಸಿದ ಹಾಗೆ. ಪುಣ್ಯಕ್ಕೆ ಆ ಹೆಚ್ಚುವರಿ ಮೊತ್ತದ ವಸೂಲಿಯನ್ನು 1896ರವರೆಗೆ ಮುಂದೆ ಹಾಕಿದರು.

ಕಾವೇರಿ ವಿಷಯ ಗೊತ್ತೇ ಇದೆ. ನೀರು ಕೊಡಗಿನ ಕಡೆಯಿಂದ ಬರುತ್ತದೆ, ನಮ್ಮ ನೆಲದಲ್ಲಿ ಹರಿಯುತ್ತದೆ. ಆದರೂ 1892ರ ಒಪ್ಪಂದದ ಪ್ರಕಾರ ಹೊಸ ಅಣೆಕಟ್ಟಿಗೆ ಮೈಸೂರು ಮದರಾಸಿನ ಒಪ್ಪಿಗೆ ಕೇಳಬೇಕಿತ್ತು. ಮದರಾಸು ಅಂದರೆ ಬ್ರಿಟಿಷ್ ಪ್ರಾಂತ್ಯ. ಜಗಳ ಬಂದರೆ ತೀರ್ಪು ಕೊಡುವವರೂ ಬ್ರಿಟಿಷರೇ. ಕನ್ನಂಬಾಡಿ ವಿಚಾರದಲ್ಲಿ ಜಗ್ಗಾಡಿ ಜಗ್ಗಾಡಿ 1924ಕ್ಕೆ ಇನ್ನೊಂದು ಒಪ್ಪಂದ ಆಯಿತು. ಅದರ ಬಿಸಿ ಇವತ್ತಿಗೂ ಮಂಡ್ಯದಲ್ಲಿ ಆರಿಲ್ಲ, ಅಲ್ವಾ?

ಇಷ್ಟೆಲ್ಲ ಓದುವುದು ಬೇಡವಾದರೆ ಸುಮ್ನೆ ಒಂದು ಭಾನುವಾರ ಕಬ್ಬನ್ ಪಾರ್ಕಿಗೆ ಹೋಗಿ. ಎಂ.ಜಿ. ರಸ್ತೆ ಕಡೆಯ ಮೂಲೆಯಲ್ಲಿ ವಿಕ್ಟೋರಿಯಾ ರಾಣಿ ಬಿಳಿ ಕಲ್ಲಿನಲ್ಲಿ ನಿಂತಿದ್ದಾಳೆ, ತಲೆ ಮೇಲೆ ಪಾರಿವಾಳ. ಒಳಗೆ ಕೊಳದ ಹತ್ತಿರ ಚಾಮರಾಜೇಂದ್ರ ಒಡೆಯರು. ಒಂದು ಪಾರ್ಕು, ಇಬ್ಬರು ಯಜಮಾನರು. ರಾಣಿ ನಿಂತಿರುವುದು ಗಡಿಯಲ್ಲಿ. ಆ ಕಡೆ ದಂಡು, ಅಂದರೆ ಬ್ರಿಟಿಷರ ಕಂಟೋನ್ಮೆಂಟ್; ಈ ಕಡೆ ಮಹಾರಾಜರ ಪೇಟೆ. 1881ರಲ್ಲಿ ರಾಜ್ಯ ವಾಪಸ್ ಕೊಟ್ಟವರು ದಂಡನ್ನು ಮಾತ್ರ ಕೊಡಲಿಲ್ಲ, ತಮ್ಮ ಕೈಯಲ್ಲೇ ಇಟ್ಟುಕೊಂಡರು. ಅಲ್ಲಿ ಮಹಾರಾಜರ ಮಾತು ನಡೆಯುತ್ತಿರಲಿಲ್ಲ, ಬ್ರಿಟಿಷ್ ಸರ್ಕಾರದ ಪ್ರತಿನಿಧಿಯಾದ ರೆಸಿಡೆಂಟರ ಮಾತು ನಡೆಯುತ್ತಿತ್ತು. ಶಿವಾಜಿನಗರ, ಹಲಸೂರು, ಫ್ರೇಜರ್ ಟೌನ್ ಎಲ್ಲ ಆ ಕಡೆಯವು. ರೆಸಿಡೆಂಟರ ಬಂಗಲೆ ಯಾವುದು ಗೊತ್ತಾ? ಇವತ್ತಿನ ರಾಜಭವನ. ರೆಸಿಡೆನ್ಸಿ ರೋಡ್ ಅನ್ನುವ ಹೆಸರೂ ಅದೇ ಕಾಲದ್ದು. ದಿನಾ ಅಲ್ಲೇ ಟ್ರಾಫಿಕ್ಕಿನಲ್ಲಿ ನಿಂತುಕೊಂಡು ‘ಬ್ರಿಟಿಷರು ಇರಲಿಲ್ಲ’ ಅಂದರೆ ನಾನೇನು ಹೇಳಲಿ.

ಹಾಗಂತ ಮಹಾರಾಜರನ್ನೂ ದಿವಾನರನ್ನೂ ಬೈಯುತ್ತಿದ್ದೇನೆ ಅಂದುಕೊಳ್ಳಬೇಡಿ. ಕೈ ಕಟ್ಟಿದ್ದರೂ ಅವರು ಮಾಡಿದ್ದು ಕಡಿಮೆಯಲ್ಲ. ದಿವಾನ್ ರಂಗಾಚಾರ್ಲು 1881ರಲ್ಲೇ ಪ್ರಜಾಪ್ರತಿನಿಧಿ ಸಭೆ ಕರೆದರು. ದಸರಾ ಹೊತ್ತಿಗೆ ಮೈಸೂರಿನಲ್ಲಿ ಸೇರುತ್ತಿತ್ತು, ಮೊದಲ ಸಲ 144 ಜನ. ಕಾಂಗ್ರೆಸ್ ಹುಟ್ಟಿದ್ದೇ ನಾಲ್ಕು ವರ್ಷ ಆದ ಮೇಲೆ. ಪಾಠ ಮಾಡುವಾಗ ಈ ಜಾಗ ಬಂದರೆ ನನ್ನ ದನಿ ಏರುತ್ತಿತ್ತು, ಈಗಲೂ ಏರುತ್ತದೆ. ಆದರೆ ಆ ಸಭೆಗೆ ಇದ್ದ ಅಧಿಕಾರ ಏನು? ಅಹವಾಲು ಹೇಳಿಕೊಳ್ಳುವುದು. ಬಂದವರು ಜಮೀನ್ದಾರರು, ವ್ಯಾಪಾರಿಗಳು. ‘ನಮ್ಮೂರ ಕೆರೆ ಕೋಡಿ ಒಡೆದಿದೆ’ ಅನ್ನಬಹುದಿತ್ತು. ‘ಈ ದಿವಾನರು ಬೇಡ’ ಅನ್ನುವಂತಿರಲಿಲ್ಲ. 1907ರಲ್ಲಿ ಕಾನೂನು ಚರ್ಚಿಸುವ ನ್ಯಾಯವಿಧಾಯಕ ಸಭೆ ಬಂತು, 1923ರಲ್ಲಿ ಎರಡಕ್ಕೂ ಸ್ವಲ್ಪ ಬಲ ಸಿಕ್ಕಿತು. ದಿವಾನರು ಮಾತ್ರ ಕೊನೆಯವರೆಗೂ ಮಹಾರಾಜರಿಗೆ ಉತ್ತರ ಕೊಡುವವರು, ಜನರಿಗಲ್ಲ.

ಅದಕ್ಕೇ ನಮ್ಮ ಹಿರಿಯರು ಕೇಳಿದ್ದು ‘ಜವಾಬ್ದಾರಿ ಸರ್ಕಾರ’. ಆ ಎರಡು ಪದ ನೆನಪಿಟ್ಟುಕೊಳ್ಳಿ. 1938ರಲ್ಲಿ ಮದ್ದೂರಿನ ಹತ್ತಿರದ ಶಿವಪುರದಲ್ಲಿ ಕಾಂಗ್ರೆಸ್ಸಿನವರು ಬಾವುಟ ಹಾರಿಸಿದರು. ಅದೇ ಏಪ್ರಿಲ್‌ನಲ್ಲಿ ವಿದುರಾಶ್ವತ್ಥದಲ್ಲಿ ಗುಂಡು ಹಾರಿತು, ಜನ ಸತ್ತರು. ಗುಂಡು ಹೊಡೆದವರು ಮೈಸೂರು ಪೊಲೀಸರು. ಮಹಾರಾಜರ ಕಾಲ ರಾಮರಾಜ್ಯ ಅನ್ನುವವರು ಒಮ್ಮೆ ಗೌರಿಬಿದನೂರು ಕಡೆ ಹೋಗಿ ಬರಲಿ.

ಈಗ 1947ಕ್ಕೆ ಬನ್ನಿ. ಜುಲೈ 26ಕ್ಕೆ ದಂಡು ಪ್ರದೇಶ ಮೈಸೂರಿಗೆ ವಾಪಸ್ ಬಂತು. ಅಂದರೆ ಹಲಸೂರಿನವರು ಸ್ವಾತಂತ್ರ್ಯಕ್ಕೆ ಇಪ್ಪತ್ತು ದಿನ ಮೊದಲು ಮಹಾರಾಜರ ಪ್ರಜೆಗಳಾದರು! ಆಗಸ್ಟ್ 9ಕ್ಕೆ ಜಯಚಾಮರಾಜ ಒಡೆಯರು ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. ರಕ್ಷಣೆ, ವಿದೇಶ ವ್ಯವಹಾರ, ಸಂಪರ್ಕ ದೆಹಲಿಗೆ. ಮಿಕ್ಕಿದ್ದೆಲ್ಲ ಇದ್ದ ಹಾಗೇ. ಆಗಸ್ಟ್ 15 ಬೆಳಗಾದಾಗಲೂ ಇಲ್ಲಿ ದಿವಾನರ ಆಡಳಿತವೇ, ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್ ಅವರದ್ದು.

ಸೆಪ್ಟೆಂಬರ್‌ನಲ್ಲಿ ಅದೇ ಜವಾಬ್ದಾರಿ ಸರ್ಕಾರ ಕೇಳಿ ‘ಮೈಸೂರು ಚಲೋ’ ಚಳವಳಿ ಶುರುವಾಯಿತು. ಸ್ವತಂತ್ರ ಭಾರತದಲ್ಲಿ ಸ್ವಾತಂತ್ರ್ಯ ಹೋರಾಟ, ಯೋಚನೆ ಮಾಡಿ. ನಾಯಕರು ಜೈಲಿಗೆ ಹೋದರು. ಮೈಸೂರಿನಲ್ಲಿ ರಾಮಸ್ವಾಮಿ ಅನ್ನುವ ವಿದ್ಯಾರ್ಥಿ ಗುಂಡೇಟಿಗೆ ಸತ್ತ. ಅಲ್ಲಿನ ರಾಮಸ್ವಾಮಿ ಸರ್ಕಲ್ ಅವನ ಹೆಸರಿನದ್ದು. ಅಕ್ಟೋಬರ್ ಕೊನೆಯ ವಾರ ಕೆ.ಸಿ. ರೆಡ್ಡಿ ಮಂತ್ರಿಮಂಡಲ ಬಂತು. ನಿಮ್ಮ ಪ್ರಶ್ನೆಗೆ ಸರಿಯಾದ ಉತ್ತರ ಆ ವಾರ. ಆಗಸ್ಟ್ 15 ಬಿಡಿ ಅಂತಲ್ಲ. ಅದಿಲ್ಲದೆ ಇದು ಬರುತ್ತಿರಲಿಲ್ಲ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಯಾರೂ ಕೇಳದ ಒಂದು ಪ್ರಶ್ನೆ ನನಗಿದೆ. ಅಧಿಕಾರ ಬಂತು, ದುಡ್ಡು ಯಾವಾಗ ಬಂತು?

ಬೆಂಗಳೂರಿಗೆ ಕರೆಂಟು ಬಂದಿದ್ದು 1905ರ ಆಗಸ್ಟ್‌ನಲ್ಲಿ ಅಂತ ಎಲ್ಲರೂ ಎದೆ ತಟ್ಟಿಕೊಳ್ಳುತ್ತೇವೆ. ಆದರೆ ಶಿವನಸಮುದ್ರದಲ್ಲಿ ಕರೆಂಟು ತಯಾರಾಗಿದ್ದು 1902ರಲ್ಲಿ. ಮೂರು ವರ್ಷ ಎಲ್ಲಿ ಹೋಗುತ್ತಿತ್ತು? ಕೋಲಾರದ ಚಿನ್ನದ ಗಣಿಗೆ, ಸುಮಾರು 147 ಕಿಲೋಮೀಟರ್ ತಂತಿ ಎಳೆದು. ವಿದ್ಯುದಾಗಾರ ಕಟ್ಟಿಸಿದ್ದು ಮೈಸೂರು ಸರ್ಕಾರ. ಗಣಿ ಲಂಡನ್ ಕಂಪನಿಗಳದ್ದು, ನೋಡಿಕೊಳ್ಳುತ್ತಿದ್ದವರು ಜಾನ್ ಟೇಲರ್ ಅಂಡ್ ಸನ್ಸ್. ರಾಜ್ಯಕ್ಕೆ ರಾಯಧನ ಸಿಗುತ್ತಿತ್ತು, ನಿಜ. ಆ ದುಡ್ಡು ಖಜಾನೆಗೆ ದೊಡ್ಡ ಆಸರೆಯೇ. ಲಾಭದ ಕೆನೆ ಮಾತ್ರ ಹಡಗು ಹತ್ತುತ್ತಿತ್ತು.

ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ಬ್ಯಾಂಕು, ಗಂಧದೆಣ್ಣೆ ಕಾರ್ಖಾನೆ, ಸೋಪು ಅಂತ ಒಂದರ ಹಿಂದೆ ಒಂದು ಶುರುಮಾಡಿದ್ದನ್ನು ಈ ಲೆಕ್ಕ ಇಟ್ಟುಕೊಂಡು ನೋಡಿ. ಹೊರಗಿನಿಂದ ಬಂಡವಾಳ ತಂದರೆ ಲಾಭವೂ ಹೊರಗೇ ಹೋಗುತ್ತದೆ ಅನ್ನುವುದನ್ನು ಕೋಲಾರ ಕಣ್ಣೆದುರೇ ತೋರಿಸುತ್ತಿತ್ತು.

ಆ ಗಣಿಗಳು ರಾಜ್ಯ ಸರ್ಕಾರದ ಕೈಗೆ ಬಂದಿದ್ದು 1956ರಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಅಠಾರ ಕಚೇರಿಯ ಎದುರಿಗೆ ವಿಧಾನಸೌಧ ಕಟ್ಟಿ ಮುಗಿದಿತ್ತು. ಗಣಿಯಲ್ಲಿ ಅಷ್ಟು ಹೊತ್ತಿಗೆ ಒಳ್ಳೆಯ ಅದಿರು ಬಹುಪಾಲು ಮೇಲೆ ಬಂದಾಗಿತ್ತು. ಉಳಿದದ್ದನ್ನು ತೆಗೆಯಲು ಸುಮಾರು ಮೂರು ಕಿಲೋಮೀಟರ್ ಆಳದವರೆಗೂ ಇಳಿಯಬೇಕಿತ್ತು.