ಮನಾಟಿ ತಿಮಿಂಗಿಲವಲ್ಲ, ಆನೆಯ ದಾಯಾದಿ

ಮನಾಟಿ ನೀರಿನಲ್ಲೇ ಬದುಕುವ, ಗಿಡ ಮೇಯುವ ದೊಡ್ಡ ಸಸ್ತನಿ. ಅದರ ವರ್ಗೀಕರಣ ಹಾದಿ ತಪ್ಪಿದ್ದು ಹೊರರೂಪ ನಂಬಿದ್ದರಿಂದ. 1758ರಲ್ಲಿ ಜೀವಿಗಳ ವರ್ಗೀಕರಣಕ್ಕೆ ತಳಹದಿ ಹಾಕಿದ ಲಿನೇಯಸ್ ಅದನ್ನು ಆನೆಯಿದ್ದ ಗಣಕ್ಕೇ ಸೇರಿಸಿದ್ದ. ಆದರೆ ಅದೇ ಗಣದಲ್ಲಿ ಸ್ಲಾತ್, ಚಿಪ್ಪುಹಂದಿಗಳೂ ಇದ್ದವು, 1766ರ ಆವೃತ್ತಿಯಲ್ಲಿ ವಾಲ್ರಸ್ ಅಂತೂ ಮನಾಟಿಯ ಕುಲಕ್ಕೇ ಬಂತು. ಹಿಂಗಾಲಿಲ್ಲದ ಈ ಪ್ರಾಣಿಯನ್ನು ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಕುವಿಯೇ ಸಸ್ಯಾಹಾರಿ ತಿಮಿಂಗಿಲ ಎಂದ. 1816ರಲ್ಲೇ ಅದೇ ದೇಶದ ಬ್ಲೇನ್‌ವಿಲ್ ಆನೆಯ ನಂಟನ್ನು ಗುರುತಿಸಿದ್ದ. ಕಂಕುಳ ಬಳಿಯ ಜೋಡಿ ಮೊಲೆ, ಹಿಂದಿನಿಂದ ಮುಂದಕ್ಕೆ ಸರಿಯುವ ದವಡೆಹಲ್ಲು ಎರಡರಲ್ಲೂ ಇವೆ. 1990ರ ದಶಕದ ಡಿಎನ್‌ಎ ಅಧ್ಯಯನಗಳು ಆನೆ, ಮೊಲದಷ್ಟು ಗಾತ್ರದ ಹೈರಾಕ್ಸ್, ಕಡಲಹಸುಗಳನ್ನು (ಮನಾಟಿ ಮತ್ತು ಡುಗಾಂಗ್) ಆಫ್ರೋಥೀರಿಯಾ ಎಂಬ ಒಂದೇ ಕವಲಿಗೆ ತಂದವು.

ಮನಾಟಿಯ ಪೂರ್ವಜರಿಗೆ ಕಾಲಿತ್ತು. ಜಮೈಕಾದಲ್ಲಿ ಸಿಕ್ಕ, 2001ರಲ್ಲಿ ಪಳೆಯುಳಿಕೆ ತಜ್ಞ ಡ್ಯಾರಿಲ್ ಡೊಮ್ನಿಂಗ್ ವಿವರಿಸಿದ ಪೆಜೋಸೈರನ್ ಎಂಬ ಪಳೆಯುಳಿಕೆ ಸುಮಾರು 5 ಕೋಟಿ ವರ್ಷ ಹಳೆಯದು. ಅದರ ಸೊಂಟದ ಮೂಳೆ ಬೆನ್ನೆಲುಬಿಗೆ ಗಟ್ಟಿಯಾಗಿ ಕೂಡಿಕೊಂಡಿತ್ತು, ಅಂದರೆ ನೆಲದ ಮೇಲೆ ನಾಲ್ಕು ಕಾಲೂ ಮೈಭಾರ ಹೊರುತ್ತಿದ್ದವು. ಆದರೆ ಪಕ್ಕೆಲುಬು ಆಗಲೇ ದಪ್ಪ, ಭಾರ. ಶ್ವಾಸಕೋಶದ ತುಂಬ ಗಾಳಿಯಿರುವ ಪ್ರಾಣಿ ತೇಲಿಬಿಡದೆ ನೀರಿನ ತಳದಲ್ಲಿ ಮೇಯಬೇಕಾದರೆ ಆ ಭಾರ ಬೇಕೇಬೇಕು. ನೀರಿಗೆ ಹೊಂದಿಕೊಂಡದ್ದು ಮೊದಲು, ಕಾಲು ಕಳೆದುಕೊಂಡದ್ದು ಆಮೇಲೆ.

ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಸೊಗಸಾದದ್ದು ಹಲ್ಲು. ಮಯೋಸೀನ್ ಯುಗದಲ್ಲಿ (ಸುಮಾರು 2.3 ಕೋಟಿಯಿಂದ 50 ಲಕ್ಷ ವರ್ಷಗಳ ಹಿಂದೆ) ಕೊಲಂಬಿಯಾದಲ್ಲಿದ್ದ ಪೊಟಾಮೊಸೈರನ್ ಎಂಬ ಹಳೆಯ ಮನಾಟಿಗೆ ಹೊಸ ಹಲ್ಲು ಎಡೆಬಿಡದೆ ಹುಟ್ಟುತ್ತಿರಲಿಲ್ಲ. ಆಮೇಲೆ ಅರ್ಜೆಂಟೀನಾದಲ್ಲಿದ್ದ ರಿಬೊಡಾನ್‌ಗೆ ಹುಟ್ಟುತ್ತಿತ್ತು. ಆಂಡೀಸ್ ಮೇಲೆದ್ದಂತೆ ನದಿಗಳಿಗೆ ಹೂಳು ಬಂತು, ಜೊತೆಗೆ ಸಿಲಿಕಾ ತುಂಬಿದ ಜಲಹುಲ್ಲು ಹೆಚ್ಚಿತು, ಹಲ್ಲು ಸವೆಯಿತು ಎಂಬುದು ಡೊಮ್ನಿಂಗ್ ವಿವರಣೆ, ನಮಗೂ ಒಪ್ಪಿಗೆಯಾಗುವಂಥದ್ದು. ಇಂದಿನ ಮನಾಟಿಯ ಒಂದೊಂದು ದವಡೆಯ ಪ್ರತಿ ಬದಿಯಲ್ಲೂ ಆರೇಳು ಹಲ್ಲು ಕೆಲಸದಲ್ಲಿರುತ್ತವೆ. ಸಾಲು ತಿಂಗಳಿಗೆ ಸುಮಾರು 1 ಮಿ.ಮೀ. ಮುಂದೆ ಸರಿಯುತ್ತದೆ, ಸವೆದದ್ದು ಮುಂದೆ ಉದುರುತ್ತದೆ, ಹೊಸದು ಹಿಂದೆ ಮೂಡುತ್ತದೆ. ಆನೆಗೆ ಆರು ಸರದಿಗಳಿಗೇ ಹಲ್ಲು ಮುಗಿಯುತ್ತದೆ, ಮನಾಟಿಗೆ ಆ ಮಿತಿಯಿಲ್ಲ.

ಈಗ ಉಳಿದಿರುವುದು ಮೂರು ಪ್ರಭೇದ: ವೆಸ್ಟ್ ಇಂಡಿಯನ್, ಆಫ್ರಿಕನ್, ಅಮೆಜಾನ್. ಮನ್ನಾರ್ ಕೊಲ್ಲಿ, ಅಂಡಮಾನ್, ಕಛ್‌ನಲ್ಲಿರುವುದು ಮನಾಟಿಯಲ್ಲ, ಡುಗಾಂಗ್. ಅದರ ಕುಟುಂಬವೇ ಬೇರೆ. ಬಾಲ ನೋಡಿ: ಡುಗಾಂಗ್‌ನದು ಕವಲೊಡೆದದ್ದು, ಮನಾಟಿಯದು ದೋಣಿಯ ಹುಟ್ಟಿನಂತೆ ದುಂಡನೆಯದು. ಮುಂಗೈಯಲ್ಲಿ ಉಗುರಿಲ್ಲದಿದ್ದರೆ ಅದು ಅಮೆಜಾನ್ ಮನಾಟಿ.

ಅಮೆಜಾನ್ ನದೀಮುಖದಿಂದ ಗಯಾನಾ ಕರಾವಳಿಯವರೆಗೆ ಮಾತ್ರ ಈ ಉಗುರಿನ ಗುರುತನ್ನು ಪೂರ್ತಿ ನಂಬುವಂತಿಲ್ಲ. ವೆಸ್ಟ್ ಇಂಡಿಯನ್ ಮನಾಟಿಗೆ 48 ಕ್ರೋಮೋಸೋಮ್, ಅಮೆಜಾನ್‌ನದಕ್ಕೆ 56. ಇಷ್ಟು ಅಂತರವಿದ್ದೂ ಅಲ್ಲಿ ಎರಡೂ ಕೂಡಿ ಮಿಶ್ರತಳಿ ಹುಟ್ಟಿದೆ. ಅಲ್ಲಿ ಸಿಕ್ಕ ಅನಾಥ ಮರಿಯನ್ನು ಸಾಕಿ ನೀರಿಗೆ ಬಿಡುವವರು ಮೊದಲು ಡಿಎನ್‌ಎ ಪರೀಕ್ಷೆ ಮಾಡಿಸಬೇಕು.